ಟೈಕಾನ್, ಇ-ಟ್ರಾನ್ ಜಿಟಿ, ಐ5 ಎಂ60, ಇಕ್ಯೂಎಸ್: ಓಡಿಸುವವನಿಗೆ ತಿಳಿಯುವ ವ್ಯತ್ಯಾಸ ಯಾವುದು?

ವಿದ್ಯಾನಗರದವನು (ದಾವಣಗೆರೆ):

ಹಲವು ವರ್ಷಗಳಿಂದ ಆರು ಸಿಲಿಂಡರಿನ ಡೀಸೆಲ್ ಸೆಡಾನ್ ಓಡಿಸುತ್ತಿದ್ದೇನೆ. ಅದನ್ನು ಕೊಟ್ಟು ಎಲೆಕ್ಟ್ರಿಕ್ ಕಾರು ತೆಗೆದುಕೊಳ್ಳುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಪೋರ್ಷೆ ಟೈಕಾನ್ 4ಎಸ್, ಆಡಿ ಆರ್‌ಎಸ್ ಇ-ಟ್ರಾನ್ ಜಿಟಿ, ಬಿಎಂಡಬ್ಲ್ಯೂ ಐ5 ಎಂ60 ಮತ್ತು ಮರ್ಸಿಡಿಸ್ ಇಕ್ಯೂಎಸ್ 580, ಈ ನಾಲ್ಕು ಪಟ್ಟಿಯಲ್ಲಿ ಉಳಿದಿವೆ. ಕೆಲವನ್ನು ಸೆಕೆಂಡ್ ಹ್ಯಾಂಡ್ ಆಗಿಯೇ ನೋಡುತ್ತಿದ್ದೇನೆ. ಬೆಲೆ, ಚಾರ್ಜಿಂಗ್, ರೇಂಜ್‌ಗಳ ಲೆಕ್ಕವನ್ನು ಹಾಕಿಕೊಂಡಾಗಿದೆ, ಚರ್ಚೆ ಅತ್ತ ಹೋಗದಿರಲಿ ಎಂದು ವಿನಂತಿ.

ನಾಲ್ಕನ್ನೂ ಬೆಂಗಳೂರಿನಲ್ಲಿ ಓಡಿಸಿ ನೋಡಿದೆ. ಅಲ್ಲಿನ ಟ್ರಾಫಿಕ್ಕಿನಲ್ಲಿ ತಿಳಿದದ್ದು ಇಷ್ಟೇ: ಪೆಡಲ್ ಒತ್ತಿದೊಡನೆ ಬೆನ್ನು ಸೀಟಿಗೆ ಅಂಟುತ್ತದೆ. ಸೊನ್ನೆಯಿಂದ 100 ಕಿಲೋಮೀಟರ್ ವೇಗ ಮುಟ್ಟಲು ಆಡಿಗೆ 3.3, ಐ5ಗೆ 3.8, ಇಕ್ಯೂಎಸ್‌ಗೆ 4.3 ಸೆಕೆಂಡು ಸಾಕೆಂದು ಕಂಪನಿಗಳು ಹೇಳುತ್ತವೆ. ಆದರೆ ಆ ಒಂದು ಸೆಕೆಂಡಿನ ಅಂತರ ನನ್ನ ದಿನನಿತ್ಯದ ಓಡಾಟದಲ್ಲಿ ಎಲ್ಲಿ ಕೆಲಸಕ್ಕೆ ಬರುತ್ತದೆಂದು ಹೊಳೆಯಲಿಲ್ಲ. ನನ್ನ ಓಡಾಟವೆಲ್ಲ ಹೆಚ್ಚಾಗಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ, ಚಿತ್ರದುರ್ಗ, ಹಿರಿಯೂರು ದಾಟಿ ಬೆಂಗಳೂರಿಗೆ. ಆಗಾಗ ಚನ್ನಗಿರಿ ಕಡೆಗೆ. ಹಿಂದಿನ ಸೀಟಿನಲ್ಲಿ ವಯಸ್ಸಾದ ತಂದೆಯವರಿರುತ್ತಾರೆ. ಪಿಕಪ್ಪನ್ನು ಬದಿಗಿಟ್ಟರೆ ಈ ಕಾರುಗಳ ನಡುವಿನ ನಿಜವಾದ ವ್ಯತ್ಯಾಸ ಎಲ್ಲಿದೆ?

ಕೋಟೆನಾಡು (ಚಿತ್ರದುರ್ಗ):

ನಿಮ್ಮ ಅನುಮಾನ ಸರಿಯಾಗಿದೆ. ಪಿಕಪ್ ಈಗ ಈ ವರ್ಗದ ಕಾರುಗಳಿಗೆಲ್ಲ ಸಾಮಾನ್ಯವಾದ ಗುಣ. ಇವುಗಳಿಗಿಂತ ಬಹಳ ಅಗ್ಗವಾದ ಬಿವೈಡಿ ಸೀಲ್‌ನ ಪರ್ಫಾರ್ಮೆನ್ಸ್ ಮಾದರಿ ಕೂಡ 3.8 ಸೆಕೆಂಡಿನ ಲೆಕ್ಕ ಕೊಡುತ್ತದೆ. ವ್ಯತ್ಯಾಸ ತಿಳಿಯುವುದು ಪೆಡಲ್ ಒತ್ತಿದಾಗಲ್ಲ, ಬಿಟ್ಟಾಗ.

ಆಕ್ಸಿಲರೇಟರಿನಿಂದ ಕಾಲು ತೆಗೆದ ಕ್ಷಣ ಕಾರು ಏನು ಮಾಡಬೇಕೆಂಬ ವಿಷಯದಲ್ಲಿ ಈ ಕಂಪನಿಗಳಿಗೆ ಒಮ್ಮತವಿಲ್ಲ. ಪೋರ್ಷೆ ಮತ್ತು ಆಡಿ, ಕಾಲು ತೆಗೆದರೆ ಕಾರು ಉರುಳುತ್ತ ಹೋಗಲಿ, ನಿಧಾನಿಸಬೇಕೆಂದರೆ ಚಾಲಕ ಬ್ರೇಕ್ ಒತ್ತಲಿ ಎನ್ನುತ್ತವೆ. ಒತ್ತಿದಾಗಲೂ ಮೊದಲು ಕೆಲಸ ಮಾಡುವುದು ಮೋಟರೇ, ಅದು ಚಕ್ರದಿಂದ ತಿರುಗಿ ವಿದ್ಯುತ್ ಉತ್ಪಾದಿಸುತ್ತ ಕಾರನ್ನು ಹಿಡಿದು ನಿಧಾನಿಸುತ್ತದೆ: ದಿನನಿತ್ಯದ ಬ್ರೇಕಿಂಗ್‌ನಲ್ಲಿ ಸುಮಾರು ಶೇ. 90ರಷ್ಟನ್ನು ಮೋಟರುಗಳೇ ನಿಭಾಯಿಸುತ್ತವೆಂದು ಪೋರ್ಷೆ ಹೇಳುತ್ತದೆ. 2019ರ ಮೊದಲ ಟೈಕಾನ್ ಹೀಗೆ ಗರಿಷ್ಠ 265 ಕಿಲೋವ್ಯಾಟ್ ಶಕ್ತಿಯನ್ನು ಬ್ಯಾಟರಿಗೆ ಹಿಂದಿರುಗಿಸುತ್ತಿತ್ತು, 2024ರ ಪರಿಷ್ಕೃತ ಮಾದರಿಯಲ್ಲಿ ಅದು 400ಕ್ಕೆ ಏರಿತು. ಮೋಟರಿನಿಂದ ಡಿಸ್ಕ್ ಬ್ರೇಕಿಗೆ ಕೆಲಸ ವರ್ಗವಾಗುವುದು ಪಾದಕ್ಕೆ ತಿಳಿಯದಂತೆ ನಡೆಯುತ್ತದೆ. ಇವರ ಹೆಚ್ಚುಗಾರಿಕೆ ಅಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಬಿಎಂಡಬ್ಲ್ಯೂ ದಾರಿ ಬೇರೆ: ‘ಬಿ’ ಮೋಡಿಗೆ ಹಾಕಿದರೆ ಒಂದೇ ಪೆಡಲಿನಲ್ಲಿ ಪೂರ್ತಿ ನಿಲ್ಲುವವರೆಗೂ ಓಡಿಸಬಹುದು, ‘ಡಿ’ಯಲ್ಲಿ ಬಿಟ್ಟರೆ ಮುಂದಿನ ವಾಹನ ಮತ್ತು ನ್ಯಾವಿಗೇಶನ್ ನೋಡಿಕೊಂಡು ಎಷ್ಟು ಹಿಡಿಯಬೇಕೆಂದು ಕಾರೇ ನಿರ್ಧರಿಸುತ್ತದೆ. ಮರ್ಸಿಡಿಸ್‌ನಲ್ಲಿ ಸ್ಟೀರಿಂಗಿನ ಹಿಂದಿನ ಪ್ಯಾಡಲುಗಳಿಂದ ಹಿಡಿತದ ಮಟ್ಟ ಬದಲಿಸಿಕೊಳ್ಳಬಹುದು. ಆದರೆ ಮೋಟರಿನ ಹಿಡಿತ ಹೆಚ್ಚಾದಂತೆ ಬ್ರೇಕ್ ಪೆಡಲ್ ತಾನೇ ಒಳಕ್ಕೆ ಸರಿಯುವುದರಿಂದ, ಪಾದ ಅದನ್ನು ಹುಡುಕಿದಾಗ ಅದು ಎಂದಿನ ಎತ್ತರದಲ್ಲಿ ಇರುವುದಿಲ್ಲ.

ಇದನ್ನು ನಮ್ಮ ರಸ್ತೆಗೆ ಅನ್ವಯಿಸಿ ನೋಡಿ. ಸುಗ್ಗಿಯ ಕಾಲದಲ್ಲಿ ಹೆದ್ದಾರಿಯಿಂದ ಸರ್ವಿಸ್ ರಸ್ತೆಗೆ ಇಳಿದರೆ ಅರ್ಧ ರಸ್ತೆಯ ಮೇಲೆ ಮೆಕ್ಕೆಜೋಳ ಹರವಿರುತ್ತದೆ, ಅಂಚಿಗೆ ಕಲ್ಲು ಜೋಡಿಸಿರುತ್ತಾರೆ, ಎದುರಿನಿಂದ ಟ್ರ್ಯಾಕ್ಟರ್ ಬರುತ್ತಿರುತ್ತದೆ. ಅಲ್ಲಿ ಎಂಬತ್ತರಿಂದ ಇಪ್ಪತ್ತಕ್ಕೆ ಇಳಿಯುವಾಗ ತಂದೆಯವರ ತಲೆ ಮುಂದಕ್ಕೆ ವಾಲದಂತೆ ಇಳಿಸಲು ಯಾವ ಕಾರು ಬಿಡುತ್ತದೆಯೋ ಅದು ನಿಮ್ಮ ಕಾರು. ಒಂದೇ ಪೆಡಲಿಗೆ ಒಗ್ಗಿಕೊಂಡ ಚಾಲಕನಿಗೆ ಬಿಎಂಡಬ್ಲ್ಯೂನಲ್ಲಿ ಇದು ಬಹಳ ಸಲೀಸು, ಒಗ್ಗದವನ ಕೈಯಲ್ಲಿ ಅದೇ ಕಾರು ಹಿಂದೆ ಕೂತವರಿಗೆ ವಾಕರಿಕೆ ತರಿಸುತ್ತದೆ. ಡೀಸೆಲ್ಲಿನಿಂದ ಬರುವ ನಿಮಗೆ ಪೋರ್ಷೆ, ಆಡಿಯ ಕ್ರಮ ಮೊದಲ ದಿನವೇ ಹಿಡಿಸೀತು.

ಎರಡನೆಯದು ತೂಕ. ಈ ನಾಲ್ಕರಲ್ಲಿ ಹಗುರವಾದದ್ದೂ ಎರಡು ಟನ್ ದಾಟುತ್ತದೆ, ಇಕ್ಯೂಎಸ್ ಎರಡೂವರೆ ಟನ್ನಿನ ಆಸುಪಾಸಿನಲ್ಲಿದೆ. ಬ್ಯಾಟರಿ ನೆಲದಲ್ಲಿರುವುದರಿಂದ ತಿರುವಿನಲ್ಲಿ ಯಾವುದೂ ಹೆಚ್ಚು ವಾಲುವುದಿಲ್ಲ, ಹಾಗಾಗಿ ತೂಕವೇ ಇಲ್ಲವೆಂಬ ಭ್ರಮೆ ಹುಟ್ಟುತ್ತದೆ. ಆ ಭ್ರಮೆ ಒಡೆಯುವುದು ಮೇಲ್ಸೇತುವೆಯ ಜಾಯಿಂಟುಗಳಲ್ಲಿ, ಅದರಲ್ಲಿಯೂ ಜಾಯಿಂಟ್ ದಾಟಿದ ಕೂಡಲೇ ರಸ್ತೆ ತಗ್ಗಿದ ಕಡೆಗಳಲ್ಲಿ. ಮೊದಲ ಏಟನ್ನು ಎಲ್ಲವೂ ನುಂಗುತ್ತವೆ. ಆಮೇಲೆ ಕಾರಿನ ಮೈ ಒಮ್ಮೆ ಮೇಲೆದ್ದು ಇಳಿಯುತ್ತದಲ್ಲ, ಆ ಎರಡನೆಯ ಚಲನೆಯನ್ನು ಎಷ್ಟು ಬೇಗ ಅಡಗಿಸುತ್ತದೆ ಎಂಬುದರಲ್ಲಿ ಟೈಕಾನ್ ಉಳಿದವುಗಳಿಗಿಂತ ಮುಂದಿದೆ. ಐ5ನಲ್ಲಿ ಏರ್ ಸಸ್ಪೆನ್ಷನ್ ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ, ಮುಂದೆ ಉಕ್ಕಿನ ಸ್ಪ್ರಿಂಗು. ಉಳಿದ ಮೂರರಲ್ಲಿ ನಾಲ್ಕೂ ಚಕ್ರಗಳಿಗೆ ಗಾಳಿಯದೇ ಸಿಗುತ್ತದೆ.

ತುಂಗಭದ್ರಾ ದಡ (ಹರಿಹರ):

ಮೇಲಿನ ಮಾತಿಗೆ ಒಂದು ಸೇರ್ಪಡೆ. ಟೈಕಾನ್ ಮತ್ತು ಇ-ಟ್ರಾನ್ ಜಿಟಿ ಒಂದೇ ತಳಹದಿಯ ಮೇಲೆ ನಿಂತ ಕಾರುಗಳು. ಹಿಂದಿನ ಪ್ರಯಾಣಿಕರ ಪಾದ ಇಳಿಯುವ ಜಾಗದಲ್ಲಿ ಬ್ಯಾಟರಿಯನ್ನು ಕತ್ತರಿಸಿ ತಗ್ಗು ಬಿಟ್ಟಿರುವುದರಿಂದ ಸೀಟುಗಳನ್ನು ಬಹಳ ಕೆಳಗೆ ಇಡಲು ಸಾಧ್ಯವಾಗಿದೆ. ಐ5 ಪೆಟ್ರೋಲ್ 5 ಸೀರೀಸಿನ ಮೈಯಲ್ಲೇ ಬಂದದ್ದು, ಅಲ್ಲಿ ಎತ್ತರದಲ್ಲಿ ಕೂರುತ್ತೀರಿ. ಕೆಳಗೆ ಕೂತವನಿಗೆ ಅದೇ ತಿರುವು ಕಡಿಮೆ ವಾಲಿದಂತೆ, ಅದೇ ವೇಗ ಹೆಚ್ಚಾದಂತೆ ತೋರುತ್ತದೆ; ಜನ ಸ್ಟೀರಿಂಗನ್ನು ಹೊಗಳುವಾಗ ಅರ್ಧ ಹೊಗಳಿಕೆ ಸೀಟಿಗೆ ಸಲ್ಲಬೇಕು. ಆದರೆ ಅದೇ ಸೀಟಿಗೆ ತಂದೆಯವರು ಇಳಿದು ಹತ್ತಬೇಕಾಗುತ್ತದೆ ಎಂಬುದನ್ನೂ ನೋಡಿಕೊಳ್ಳಿ. ಚನ್ನಗಿರಿ ಕಡೆಯ ಹಂಪುಗಳಿಗೆ ಮೂತಿ ಎತ್ತುವ ಸೌಲಭ್ಯ ಆ ಕಾರಿನಲ್ಲಿದೆಯೇ ಎಂದು ಕೇಳದೆ ಮುಂಗಡ ಕೊಡಬೇಡಿ.

ಜೋಗಿಮಟ್ಟಿ ಗಾಳಿ (ಚಿತ್ರದುರ್ಗ):

ಇಲ್ಲಿ ಇಕ್ಯೂಎಸ್ ಪರವಾಗಿ ಯಾರೂ ಮಾತಾಡಿಲ್ಲ. ಚಾಲನೆಯ ಸುಖವೆಂದರೆ ತಿರುವು ಮಾತ್ರ ಎಂಬ ಹಟವನ್ನು ನಾನು ಒಪ್ಪುವುದಿಲ್ಲ, ಹಿರಿಯೂರಿನಿಂದ ದಾವಣಗೆರೆವರೆಗೆ ತಿರುವುಗಳಾದರೂ ಎಲ್ಲಿವೆ? ಅಲ್ಲಿ ಇರುವುದು ಗಾಳಿ. ಆಷಾಢದಲ್ಲಿ ನಮ್ಮ ಗುಡ್ಡಗಳ ಮೇಲಿನ ಗಾಳಿ ವಿದ್ಯುತ್ತಿನ ಫ್ಯಾನುಗಳು ಸುಮ್ಮನೆ ತಿರುಗುವುದಿಲ್ಲ. ಆ ಅಡ್ಡಗಾಳಿಯಲ್ಲಿ ಲಾರಿಯೊಂದನ್ನು ದಾಟಿ ಹೊರಬರುವಾಗ ಹಗುರವಾದ ಕಾರು ಪಕ್ಕಕ್ಕೆ ಸರಿದಂತಾಗುವುದನ್ನು ನೀವೆಲ್ಲ ಬಲ್ಲಿರಿ. 3,210 ಮಿಲಿಮೀಟರ್ ವೀಲ್‌ಬೇಸಿನ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ), ಇಷ್ಟು ತೂಕದ ಇಕ್ಯೂಎಸ್ ಅಲ್ಲಿ ಗೆರೆ ಕೊರೆದಂತೆ ಹೋಗುತ್ತದೆ, ಒಳಗೆ ಸದ್ದೂ ಇರುವುದಿಲ್ಲ. ಹಿಂದಿನ ಚಕ್ರಗಳು 10 ಡಿಗ್ರಿಯವರೆಗೆ ತಿರುಗಬಲ್ಲವಾದ್ದರಿಂದ ಪಿ.ಬಿ. ರಸ್ತೆಯಲ್ಲಿ ಯೂ ಟರ್ನ್ ತೆಗೆಯುವಾಗ ಅದು ಅಷ್ಟು ಉದ್ದದ ಕಾರೆಂದು ನಂಬುವುದು ಕಷ್ಟ.

ಸ್ಪೀಕರಿನಿಂದ ಬರುವ ಕೃತಕ ಸದ್ದಿನ ಬಗ್ಗೆಯೂ ಒಂದು ಮಾತು. ಬಿಎಂಡಬ್ಲ್ಯೂ ಅದನ್ನು ಹಾಲಿವುಡ್ ಸಂಗೀತ ಸಂಯೋಜಕ ಹಾನ್ಸ್ ಝಿಮ್ಮರ್ ಅವರಿಂದ ಮಾಡಿಸಿದೆ. ನಾನಾದರೆ ಅದನ್ನು ಆಫ್ ಮಾಡಿಯೇ ಓಡಿಸುತ್ತೇನೆ.

ವಿದ್ಯಾನಗರದವನು:

ಎಲ್ಲರಿಗೂ ಧನ್ಯವಾದ. ಕೋಟೆನಾಡು ಅವರಿಗೆ ಒಂದು ಪ್ರಶ್ನೆ ಉಳಿದಿದೆ. ಮನೆಯಲ್ಲಿ ರಾತ್ರಿ ಪೂರ್ತಿ ಚಾರ್ಜ್ ಮಾಡಿ ಬೆಳಿಗ್ಗೆ ಹೊರಟರೆ ಮೋಟರಿನ ಹಿಡಿತ ಕಡಿಮೆಯಿರುತ್ತದೆ ಎನ್ನುತ್ತಾರೆ. ಪಾದಕ್ಕೆ ಅದು ತಿಳಿಯುತ್ತದೆಯೇ?

ಕೋಟೆನಾಡು:

ಬ್ಯಾಟರಿ ತುಂಬಿದ್ದಾಗ ಹಿಂದಿರುಗುವ ವಿದ್ಯುತ್ತಿಗೆ ಅಲ್ಲಿ ಜಾಗವಿರುವುದಿಲ್ಲ, ಆದ್ದರಿಂದ ಆ ಕೆಲಸವನ್ನು ಡಿಸ್ಕುಗಳೇ ಹೊರಬೇಕಾಗುತ್ತದೆ. ಬ್ರೇಕ್ ಪೆಡಲಿನ ಮೂಲಕವೇ ಎರಡನ್ನೂ ಬೆರೆಸುವ ಪೋರ್ಷೆ, ಆಡಿಯಲ್ಲಿ ಅದು ಅಷ್ಟಾಗಿ ಗೊತ್ತಾಗುವುದಿಲ್ಲ. ಕಾಲು ತೆಗೆದಾಗಿನ ಹಿಡಿತವನ್ನೇ ನೆಚ್ಚಿಕೊಂಡು ಓಡಿಸುವ ಕ್ರಮದಲ್ಲಿ ಅದು ಬೇಗ ಗಮನಕ್ಕೆ ಬರುತ್ತದೆ. ಮುಂದಿನ ಟೆಸ್ಟ್ ಡ್ರೈವ್‌ಗೆ ಶೋರೂಮಿನವರನ್ನು ಕೇಳಿ, ಪೂರ್ತಿ ಚಾರ್ಜ್ ಆದ ಕಾರನ್ನೇ ತೆಗೆದುಕೊಂಡು ನೆಲಮಂಗಲದ ಆಚೆ ಬನ್ನಿ. ಕಂಫರ್ಟ್ ಮೋಡಿನಲ್ಲಿಯೇ ಇರಲಿ, ತಂದೆಯವರು ಹಿಂದೆ ಕೂತಿರಲಿ. ಎಂಬತ್ತರಲ್ಲಿ ಹೋಗುತ್ತ ಕಾಲು ತೆಗೆದು, ಮತ್ತೆ ಒತ್ತಿ, ಒಂದು ಮೇಲ್ಸೇತುವೆಯ ಜಾಯಿಂಟನ್ನು ದಾಟಿ ನೋಡಿ. ನಿಂತಲ್ಲಿಂದ ಪೂರ್ತಿ ಜೋರಿನಲ್ಲಿ ಚಿಮ್ಮಿಸುವ ಲಾಂಚ್ ಕಂಟ್ರೋಲ್ ತೋರಿಸುತ್ತೇವೆ ಎಂದರೆ ಬೇಡವೆನ್ನಿ, ಅಷ್ಟು ಹೊತ್ತನ್ನೂ ಬ್ರೇಕಿಗೆ ಕೊಡಿ.