ಆರ್ಡರ್ ಆ್ಯಪ್: ಹೆಸರಿನ ಜಾಗದಲ್ಲಿ "ಕಮಲ" ಹೋಗುತ್ತೆ, "ಮಂಜುನಾಥ" ಹೋಗಲ್ಲ

ತುಮಕೂರು_ಹುಡುಗ
ನಮಸ್ಕಾರ. ನಮ್ಮ ಸೋದರಮಾವನದು ಹೋಲ್‌ಸೇಲ್ ಕಿರಾಣಿ ಅಂಗಡಿ. ಸುತ್ತಲ ಹಳ್ಳಿಗಳ ಚಿಲ್ಲರೆ ಅಂಗಡಿಯವರು ಫೋನ್ ಮಾಡಿ ಸಾಮಾನು ಬರೆಸುತ್ತಾರೆ. ಅವರೇ ಮೊಬೈಲಲ್ಲಿ ಪಟ್ಟಿ ಹಾಕಲಿ ಅಂತ ಒಂದು ವೆಬ್ ಆ್ಯಪ್ ಮಾಡಿದೆ, ಪೂರ್ತಿ ಕನ್ನಡದಲ್ಲಿ. ಎರಡು ವಾರದಲ್ಲಿ ನೋಂದಣಿ ಮುಗಿಸಿದವರು ಮೂರೇ ಜನ. ಉಳಿದವರೆಲ್ಲ "ಆಗ್ತಿಲ್ಲಪ್ಪ" ಅಂತ ಮತ್ತೆ ಫೋನ್ ಮಾಡ್ತಾರೆ. ಸರ್ವರ್ ಲಾಗ್‌ನಲ್ಲಿ ಒಂದು ಎರರ್ ಇಲ್ಲ. ಹೆಸರಿನ ಜಾಗಕ್ಕೆ ಯುನಿಕೋಡ್ (ಎಲ್ಲ ಲಿಪಿಗಳಿಗೂ ಸಂಖ್ಯೆ ಕೊಡೋ ಪದ್ಧತಿ) ಅಕ್ಷರಗಳನ್ನು ಮಾತ್ರ ಬಿಡೋ ರೆಜೆಕ್ಸ್, ಅಂದ್ರೆ ಬರೆದದ್ದನ್ನ ತಪಾಸಣೆ ಮಾಡೋ ಮಾದರಿ, ಹಾಕಿದ್ದೇನೆ. ಅಮ್ಮನ ಹೆಸರು "ಕಮಲ" ಹಾಕಿ ನೋಡಿದ್ದೆ, ಸಲೀಸಾಗಿ ಹೋಯ್ತು. ಎಲ್ಲಿ ಎಡವಿದ್ದೇನೆ?

ಹಳೇ_ಬ್ರೌಸರ್
ಲಾಗ್‌ನಲ್ಲಿ (ಸರ್ವರಿನ ದಾಖಲೆಯಲ್ಲಿ) ಎರರೇ ಇಲ್ಲ ಅಂದ್ರೆ ವಿನಂತಿ ಫೋನ್ ಬಿಟ್ಟು ಹೊರಟೇ ಇರಲಿಕ್ಕಿಲ್ಲ. ಒಂದು ಅಂಗಡಿಗೆ ಹೋಗಿ ಪಕ್ಕದಲ್ಲಿ ಕೂತ್ಕೊಳ್ಳಿ. ಹೇಳಿಕೊಡಬೇಡಿ, ಫೋನ್ ಕಸಿದುಕೊಳ್ಳಬೇಡಿ. ಸುಮ್ಮನೆ ನೋಡಿ ಬನ್ನಿ.

ತುಮಕೂರು_ಹುಡುಗ
ಹೋಗಿದ್ದೆ ಸರ್. ಅಂಗಡಿ ನಡೆಸೋ ಅಮ್ಮ ಒಬ್ಬರು ಬೆಲ್ಲ ತೂಗಿದ ಕೈ ಸೆರಗಿಗೆ ಒರೆಸಿಕೊಂಡು ಒಂದೇ ಬೆರಳಲ್ಲಿ "ಮಂಜುನಾಥ ಸ್ಟೋರ್ಸ್" ಅಂತ ಟೈಪ್ ಮಾಡಿದರು. "ಮುಂದೆ" ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು, ಜೋರಾಗಿ. ನಾಲ್ಕನೇ ಸಲಕ್ಕೆ "ನಿನ್ನ ಆ್ಯಪ್‌ಗೆ ನಮ್ಮ ಅಂಗಡಿ ಹೆಸರು ಹಿಡಿಸ್ತಿಲ್ಲ ಕಣಪ್ಪ" ಅಂದರು. ಕೀಬೋರ್ಡ್ ಇಳಿಸಿದ ಮೇಲೆ ನೋಡಿದರೆ ಕೆಳಗೆ ಕೆಂಪು ಅಕ್ಷರದಲ್ಲಿ "ಇನ್‌ವ್ಯಾಲಿಡ್ ಇನ್‌ಪುಟ್" ಅಂತ ಇಂಗ್ಲಿಷಿನಲ್ಲಿತ್ತು. ಹೊಟ್ಟೆ ಚುರುಕ್ ಅಂತು.

ಹಳೇ_ಬ್ರೌಸರ್
ಆ ಅಮ್ಮ ಹೇಳಿದ್ದೇ ಸರಿ, ಹಿಡಿಸ್ತಿಲ್ಲ! ಯುನಿಕೋಡ್‌ನಲ್ಲಿ ಕ, ಮ, ಲ ಇವೆಲ್ಲ "ಅಕ್ಷರ" ಅಂದರೆ ಎಲ್ ವರ್ಗ. ಆದರೆ ಕೊಂಬು, ಇಳಿ, ಗುಡಿಸು, ಸೊನ್ನೆ, ಒತ್ತು ಮಾಡೋ ವಿರಾಮ ಇವೆಲ್ಲ "ಗುರುತು", ಎಂ ವರ್ಗ. ನಿಮ್ಮ ರೆಜೆಕ್ಸ್ ಎಲ್ ಮಾತ್ರ ಬಿಡುತ್ತೆ. "ಕಮಲ"ದಲ್ಲಿ ಒಂದೂ ಗುರುತಿಲ್ಲ, ಅದಕ್ಕೇ ಪಾಸಾಯ್ತು. "ಕಮಲಾ" ಅಂತ ಹಾಕಿ ನೋಡಿ, ಬೀಳುತ್ತೆ. ಪರೀಕ್ಷೆಗೆ ಸಿಕ್ಕ ಹೆಸರೇ ನಿಮ್ಮನ್ನ ದಾರಿ ತಪ್ಪಿಸಿದೆ.

ಎಂ ವರ್ಗ ಸೇರಿಸಿದರೂ ಸಾಲದು. "ವಿಜಯ್‌ಕುಮಾರ್" ಅಂತ ಬರೆದಾಗ ಕ ಅಕ್ಷರ ಯಕಾರಕ್ಕೆ ಒತ್ತಾಗದೆ ಬಿಡಿಯಾಗಿ ನಿಲ್ಲೋದು ನಡುವೆ ಕಾಣದಂತೆ ಕೂತಿರೋ ಯು+200ಸಿ ಚಿಹ್ನೆಯಿಂದ. ಅದು ಎಲ್ ವರ್ಗವೂ ಅಲ್ಲ, ಎಂ ವರ್ಗವೂ ಅಲ್ಲ. ನನ್ನ ಮಾತು ಕೇಳಿದರೆ ಹೆಸರಿಗೆ ರೆಜೆಕ್ಸೇ ಬೇಡ. ಖಾಲಿ ಇರಬಾರದು, ಅಷ್ಟೇ. ಜನರ ಹೆಸರು ಹೀಗೇ ಇರಬೇಕು ಅನ್ನೋಕೆ ನಾವು ಯಾರು? ಆ ಕಾಣದ ಚಿಹ್ನೆಯನ್ನ ಮೂಲ ಹೆಸರಲ್ಲಿ ಹಾಗೇ ಉಳಿಸಿ. ಹುಡುಕಾಟಕ್ಕೆ ಬೇರೆ ಕಾಲಂ ಇಟ್ಟು ಅಲ್ಲಿ ಮಾತ್ರ ತೆಗೆಯಿರಿ.

ಮ್ಯಾಕ್ಸ್‌ಲೆಂತ್ (ಆ ಜಾಗದಲ್ಲಿ ಹಿಡಿಸೋ ಅಕ್ಷರಗಳ ಮಿತಿ) ಎಷ್ಟಿದೆ?

ತುಮಕೂರು_ಹುಡುಗ
20.

ಹಳೇ_ಬ್ರೌಸರ್
"ಸ್ಟೋರ್ಸ್" ಒಂದೇ 8 ತಿನ್ನುತ್ತೆ. ಕಣ್ಣಿಗೆ ಎರಡೇ ಅಕ್ಷರ, ಆದರೆ ಬ್ರೌಸರ್ ವಿರಾಮವನ್ನೂ ಸ್ವರಚಿಹ್ನೆಯನ್ನೂ ಬೇರೆ ಬೇರೆ ಎಣಿಸುತ್ತೆ. 100ಕ್ಕೆ ಏರಿಸಿ.

ಕರಾವಳಿ_ಕೋಡ್
ಕೀಬೋರ್ಡ್ ಹಿಂದೆ ಎರರ್ ಅಡಗೋದಕ್ಕೆ ಒಂದು ಮಾತು. ಆಂಡ್ರಾಯ್ಡ್ ಕ್ರೋಮ್ 108ರಿಂದ ಕೀಬೋರ್ಡ್ ಮೇಲೆ ಬಂದಾಗ ಪುಟದ ಲೇಔಟ್ ಕುಗ್ಗಲ್ಲ. ತಳಕ್ಕೆ ಅಂಟಿಸಿದ ಬಟನ್ ಆಗಲಿ ಸಂದೇಶವಾಗಲಿ ಕೀಬೋರ್ಡಿನ ಅಡಿಗೆ ಹೋಗುತ್ತೆ. ವ್ಯೂಪೋರ್ಟ್ ಮೆಟಾದಲ್ಲಿ (ಪುಟ ಪರದೆಗೆ ಹೇಗೆ ಹೊಂದಬೇಕು ಅಂತ ಹೇಳೋ ಟ್ಯಾಗ್) ಇಂಟರಾಕ್ಟಿವ್-ವಿಜೆಟ್ ಅನ್ನು ರಿಸೈಜಸ್-ಕಂಟೆಂಟ್ ಮಾಡಿದರೆ ಹಳೆಯ ಹಾಗೆ ಕುಗ್ಗುತ್ತೆ. ಅದಕ್ಕಿಂತ, ಸಂದೇಶವನ್ನ ಆಯಾ ಇನ್‌ಪುಟ್‌ನ ಮೇಲ್ಭಾಗದಲ್ಲೇ ತೋರಿಸಿ, ಫೋಕಸ್ (ಕರ್ಸರ್) ಅಲ್ಲಿಗೇ ಒಯ್ಯಿರಿ. ಏನು ಮಾಡಬೇಕು ಅನ್ನೋದನ್ನ ಕನ್ನಡದಲ್ಲಿ ಹೇಳಿ: "ಅಂಗಡಿ ಹೆಸರು ಬರೆಯಿರಿ" ಅಂತ. ಇನ್ನು ಒತ್ತಕ್ಷರ ಕೆಳಗೆ ಕತ್ತರಿಸಿ ಹೋಗ್ತಿದ್ದರೆ ಬಟನ್ನಿನ ಎತ್ತರ ಪಿಕ್ಸೆಲ್‌ನಲ್ಲಿ ಕಟ್ಟಬೇಡಿ, ಲೈನ್-ಹೈಟ್ (ಸಾಲಿನ ಎತ್ತರ) 1.6ರ ಸುಮಾರಿಗೆ ಇಡಿ.

ತುಮಕೂರು_ಹುಡುಗ
ಎಲ್ಲ ಮಾಡಿದೆ. ಮೂರು ದಿನದಲ್ಲಿ 11 ಅಂಗಡಿ ನೋಂದಣಿ ಆಯ್ತು! ಆ ಅಮ್ಮನ ಮೊದಲ ಆರ್ಡರ್ ನಿನ್ನೆ ರಾತ್ರಿ ಬಂತು: ಸಕ್ಕರೆ ಒಂದು ಮೂಟೆ, ತೊಗರಿಬೇಳೆ 10 ಕೆಜಿ, ಬೆಂಕಿಪೊಟ್ಟಣ ಎರಡು ಬಂಡಲ್. ಆದರೆ ಅದೇ ಪಟ್ಟಿ ಮೂರು ಸಲ ಬಂದಿದೆ. ಅವರ ಊರಲ್ಲಿ ನೆಟ್ ನಿಧಾನ. ಮಾವ ಮೂರು ಮೂಟೆ ಲೋಡ್ ಮಾಡಿಸಿಬಿಟ್ಟಿದ್ದರು.

ಹಳೇ_ಬ್ರೌಸರ್
ಒತ್ತಿದ ತಕ್ಷಣ ಬಟನ್ ನಿಷ್ಕ್ರಿಯ ಮಾಡಿ "ಕಳಿಸ್ತಾ ಇದೆ, ಸ್ವಲ್ಪ ತಡೀರಿ" ಅಂತ ತೋರಿಸಿ. ಅದೊಂದನ್ನೇ ನಂಬಬೇಡಿ, ಪುಟ ರಿಫ್ರೆಶ್ ಆದರೆ ಮುಗೀತು. ಪಟ್ಟಿ ಶುರು ಮಾಡಿದಾಗಲೇ ಫೋನಿನಲ್ಲಿ ಒಂದು ಯುಯುಐಡಿ (ಇನ್ನೊಂದಕ್ಕೆ ಹೊಂದದ ಗುರುತು ಸಂಖ್ಯೆ) ಹುಟ್ಟಿಸಿ, ಬ್ರೌಸರಿನ ಲೋಕಲ್ ಸ್ಟೋರೇಜ್‌ನಲ್ಲಿಟ್ಟು, ಆರ್ಡರ್ ಜೊತೆ ಕಳಿಸಿ. ಡೇಟಾಬೇಸಿನಲ್ಲಿ ಆ ಕಾಲಂ ಯುನಿಕ್ ಇರಲಿ, ಒಂದೇ ಐಡಿ ಎರಡು ಸಲ ಸೇರದ ಹಾಗೆ. ಅದೇ ಐಡಿ ಮತ್ತೆ ಬಂದರೆ ಎರರ್ ಕೊಡಬೇಡಿ, ಮೊದಲ ಆರ್ಡರಿನ ನಂಬರನ್ನೇ ವಾಪಸ್ ಕೊಡಿ. ಅವರಿಗೆ "ಆರ್ಡರ್ ಸೇರಿತು" ಅಂತ ಕಂಡರೆ ಇನ್ನೊಂದು ಸಲ ಒತ್ತಲ್ಲ. ಆ ನಂಬರ್ ಬಂದ ಮೇಲೇ ಹಳೆ ಐಡಿ ಅಳಿಸಿ, ಮೊದಲೇ ಅಲ್ಲ.

ತುಮಕೂರು_ಹುಡುಗ
ಫೋನ್ ನೆಟ್ 2ಜಿಗೆ ಇಳಿಸಿ, ಕೋಪ ಬಂದವರ ಹಾಗೆ ಆರು ಸಲ ಒತ್ತಿದೆ, ನಡುವೆ ರಿಫ್ರೆಶ್ ಕೂಡ ಮಾಡಿದೆ. ಒಂದೇ ಆರ್ಡರ್ ಬಂತು. ಉಳಿದೆರಡು ಮೂಟೆ ಮಾವ ವಾಪಸ್ ಇಳಿಸಿಕೊಂಡರು. ತುಂಬಾ ಉಪಕಾರ ಆಯ್ತು ಸರ್.