‘ಅಪಥಿ’ಗೆ ‘ಉದಾಸೀನ’ ಸರಿಯೇ? ಮೋಟಾರ್ ನ್ಯೂರಾನ್ ಕಾಯಿಲೆ ಇರುವವರ ಮನೆಯಿಂದ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಒಂದು ಪದಕ್ಕೆ ನಿಮ್ಮ ಸಹಾಯ ಬೇಕು.

ನಮ್ಮ ಅಪ್ಪಾಜಿಗೆ ಮೋಟಾರ್ ನ್ಯೂರಾನ್ ಕಾಯಿಲೆ, ಅಂದರೆ ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುತ್ತಾ ಹೋಗುವ ಕಾಯಿಲೆ. ಮೂವತ್ತು ವರ್ಷ ಮಂಡಕ್ಕಿ ಭಟ್ಟಿ ನಡೆಸಿದವರು. ಈಗ ಕೈ ಏಳುವುದಿಲ್ಲ, ಮಾತು ತೊದಲುತ್ತದೆ. ಅದಕ್ಕೆ ಹೇಗೋ ಹೊಂದಿಕೊಂಡಿದ್ದೆವು. ಆದರೆ ಆರು ತಿಂಗಳಿಂದ ಸುಮ್ನೆ ಕೂತಿರುತ್ತಾರೆ. ಮೊಮ್ಮಗಳು ಬಂದರೂ ಕರೆಯುವುದಿಲ್ಲ. ಡಾಕ್ಟರು ಇದನ್ನು ಇಂಗ್ಲಿಷಿನಲ್ಲಿ ‘ಅಪಥಿ’ (apathy) ಅಂದರು. ಹಂಗಂದ್ರೇನು ಅಂತ ಅಮ್ಮ ಕೇಳಿದಾಗ ನಾನು ನಿಘಂಟು ನೋಡಿ ‘ಉದಾಸೀನ’ ಅಂದುಬಿಟ್ಟೆ. ಅಮ್ಮನ ಮುಖ ಸಣ್ಣಗಾಯಿತು. “ಇಷ್ಟು ವರ್ಷ ಬಾಳ್ವೆ ಮಾಡೀನಿ, ಈಗ ನಾನು ಇವರಿಗೆ ಉದಾಸೀನ ಆದ್ನಾ?” ಅಂದರು.

ಅವತ್ತಿನಿಂದ ಈ ಪದ ನನ್ನನ್ನು ಚುಚ್ಚುತ್ತಿದೆ. ಸಂಸ್ಕೃತದಲ್ಲಿ ‘ಉದಾಸೀನ’ ಅಂದರೆ ದೂರ ಕೂತವನು, ಯಾವ ಕಡೆಗೂ ಸೇರದವನು. ನಮ್ಮ ಮಾತಿನಲ್ಲಿ ಅದಕ್ಕೆ ‘ಬೇಕಂತಲೇ ಕಡೆಗಣಿಸುವುದು’ ಅನ್ನೋ ಅರ್ಥ ಜಾಸ್ತಿ. ‘ಅಸಡ್ಡೆ’ ಇನ್ನೂ ಕಟು. ‘ಮಂಕು’ ಬೈಗುಳಕ್ಕೆ ಹತ್ತಿರ. ‘ನಿರಾಸಕ್ತಿ’ಯಲ್ಲಿ ಬೈಗುಳವಿಲ್ಲ, ಆದರೆ ಅದನ್ನು ನಮ್ಮ ಅಡುಗೆಮನೆಯಲ್ಲಿ ಯಾರೂ ಆಡುವುದಿಲ್ಲ.

ಅಪ್ಪಾಜಿಯದು ಬೇಕಂತ ಮಾಡಿದ್ದಲ್ಲ. ಈ ಕಾಯಿಲೆ ಬರೀ ಸ್ನಾಯುಗಳನ್ನು ಆಡಿಸುವ ನರಗಳದ್ದು ಅಂತ ಬಹಳ ಕಾಲ ನಂಬಿದ್ದರು. ಈಗ ಗೊತ್ತಿರುವಂತೆ ಸುಮಾರು ಅರ್ಧದಷ್ಟು ಜನರಲ್ಲಿ ಯೋಚನೆಯಲ್ಲೋ ನಡವಳಿಕೆಯಲ್ಲೋ ಸ್ವಲ್ಪ ಬದಲಾವಣೆ ಆಗುತ್ತದೆ. ಹಣೆಯ ಹಿಂದಿರುವ ಮೆದುಳಿನ ಭಾಗಕ್ಕೂ ಪೆಟ್ಟು ಬೀಳುತ್ತದೆ. ಟಿಡಿಪಿ-43 ಅನ್ನೋ ಪ್ರೋಟೀನು ಈ ಕಾಯಿಲೆಯಲ್ಲೂ ಒಂದು ಬಗೆಯ ಮರೆವಿನ ಕಾಯಿಲೆಯಲ್ಲೂ ನರಕೋಶಗಳಲ್ಲಿ ಗಂಟುಗಟ್ಟುವುದು 2006ರಲ್ಲಿ ಗೊತ್ತಾಯಿತು. ನಡವಳಿಕೆಯ ಬದಲಾವಣೆಗಳಲ್ಲಿ ಹೆಚ್ಚಾಗಿ ಕಾಣುವುದೇ ಈ ಅಪಥಿ. ಇದು ಖಿನ್ನತೆಯೇ ಆಗಿರಬೇಕೆಂದಿಲ್ಲ. ಅಪ್ಪಾಜಿ ಬೇಜಾರಿನಲ್ಲಿಲ್ಲ. ತಾನಾಗಿ ಒಂದನ್ನು ಶುರು ಮಾಡುವ ಶಕ್ತಿಯೇ ಕುಂದಿದೆ.

ಇದನ್ನು ನಾನು ಕಣ್ಣಾರೆ ಕಂಡೆ. ಮೊನ್ನೆ ಪಕ್ಕದಲ್ಲಿ ಕೂತು, “ಅಪ್ಪಾಜಿ, ಭಟ್ಟಿಯಲ್ಲಿ ಮರಳು ಕಾದಿದೆ ಅಂತ ಹೆಂಗೆ ಗೊತ್ತಾಗ್ತಿತ್ತು?” ಅಂದೆ. ಕಣ್ಣು ಅರಳಿತು. “ನಾಲ್ಕು ಕಾಳು ಹಾಕಬೇಕು. ತಕ್ಷಣ ಅರಳಬೇಕು” ಅಂದರು, ತಡವರಿಸುತ್ತಾ. ಅಕ್ಕಿಗೆ ಉಪ್ಪುನೀರು ಯಾವಾಗ ಅಂದೆ. ಅದನ್ನೂ ಹೇಳಿದರು. ನಾನು ಕೇಳುವುದು ನಿಲ್ಲಿಸಿದೆ, ಅವರ ಮಾತೂ ನಿಂತಿತು. ಎಲ್ಲಾ ಒಳಗೇ ಇದೆ ಅಲ್ವಾ?

ಬಾಗಿಲಲ್ಲಿ ನಿಂತಿದ್ದ ಅಮ್ಮ, “ಕೈ ಏಳ್ದಂಗೆ ಮನಸ್ಸೂ ಏಳ್ತಿಲ್ಲ ಪಾಪ, ನಾವೇ ಎಬ್ಬಿಸ್ಬೇಕು” ಅಂದರು. ಈ ‘ಏಳು’ ನನಗೆ ತುಂಬಾ ಹಿಡಿಸಿತು. ಕೈಗೂ ಮನಸ್ಸಿಗೂ ಒಂದೇ ಕ್ರಿಯಾಪದ, ಯಾರ ಮೇಲೂ ತಪ್ಪು ಹೊರಿಸುವುದಿಲ್ಲ. ‘ಮನಸ್ಸು ಏಳದಿರುವುದು’ ಅಂತ ಬರೆದರೆ ಓದುವವರಿಗೆ ತಿಳಿಯುತ್ತದೆಯೇ? ಇದನ್ನು ಒಂದೇ ಪದವಾಗಿ ಕಟ್ಟಬಹುದೇ?

ಇನ್ನೊಂದು. ಈ ಕಾಯಿಲೆಯಲ್ಲಿ ಕೆಲವರಿಗೆ ದುಃಖವಿಲ್ಲದೆಯೂ ಅಳು ಉಕ್ಕುತ್ತದೆ, ತಡೆಯಲು ಆಗುವುದಿಲ್ಲ. ಅಪ್ಪಾಜಿಗೂ ಎರಡು ಸಲ ಹಾಗಾಯಿತು. ಬಂದವರು ‘ಅಳುಬುರುಕ’ ಅಂದರು. ಚಿತ್ರದುರ್ಗ, ಹೊಳಲ್ಕೆರೆ ಕಡೆಯವರು ಇಂಥ ಅಳುವಿಗೆ ಏನನ್ನುತ್ತೀರಿ? ದಯವಿಟ್ಟು ತಿಳಿಸಿ.