ನಾಯಿ ಜೊತೆ ಕಡಲ ಬದಿ ಟೆಂಟ್ ಹಾಕುವವರಿಗೆ: ಪಶುವೈದ್ಯರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಕೊಟ್ಟಾರ, ಮಂಗಳೂರು): ಡಾಕ್ಟ್ರೇ, ಡಿಸೆಂಬರ್ ರಜೆಯಲ್ಲಿ ಕಡಲ ಬದಿ ಟೆಂಟ್ ಹಾಕಿ ಎರಡು ರಾತ್ರಿ ಉಳಿಯುವ ಯೋಚನೆ ಉಂಟು. ನಾವಿಬ್ಬರು, ಏಳು ವರ್ಷದ ಮಗಳು, ಅತ್ತೆ. ಜೊತೆಗೆ ಒಂದು ಲ್ಯಾಬ್ರಡಾರ್, ಒಂದು ಪಗ್. ತಣ್ಣೀರುಬಾವಿ ಹತ್ತಿರ, ಪಡುಬಿದ್ರಿ ಚೊಕ್ಕ. ಯಾವುದು ಒಳ್ಳೆಯದು?

ಉತ್ತರ: ಎರಡೂ ಬೇಡ. ಪಡುಬಿದ್ರಿಯ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು; ಚೊಕ್ಕ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಅದು. ಸಾಕುಪ್ರಾಣಿಗಳಿಗೆ ಬಿಗಿ ನಿಯಂತ್ರಣ ಇರಬೇಕು, ಅನುಮತಿ ಇಲ್ಲದೆ ಟೆಂಟ್ ಹಾಕಬಾರದು ಅಂತ ಆ ಮಾನ್ಯತೆಯ ನಿಯಮದಲ್ಲೇ ಇದೆ. ಅದು ಚೊಕ್ಕ ಇರುವುದೂ ಅದಕ್ಕೇ ಅಲ್ವಾ! ತಣ್ಣೀರುಬಾವಿ, ಪಣಂಬೂರು, ಮಲ್ಪೆ ಸಂಜೆ ತಿರುಗಾಡಲು ಚೆಂದ. ರಾತ್ರಿ ಉಳಿಯಲು ಅಲ್ಲ. ಕತ್ತಲಾದ ಮೇಲೆ ಬೀದಿ ನಾಯಿಗಳ ಗುಂಪಿನ ಎದುರು ನಿಮ್ಮ ಲ್ಯಾಬ್ ಹೊರಗಿನವನು.

ಟೆಂಟನ್ನು ಮರಳಿನ ಮೇಲೆ ಹಾಕಬೇಡಿ. ಸ್ವಲ್ಪ ಒಳಗೆ, ಬೇಲಿ ಇರುವ ತೋಟದಲ್ಲಿ ಹಾಕಿ. ಸಸಿಹಿತ್ಲು, ಮಟ್ಟು, ಕೋಡಿಬೆಂಗ್ರೆ ಕಡೆ ಹೋಂಸ್ಟೇ ಹುಡುಕಿ. ಫೋನಿನಲ್ಲಿ "ನಾಯಿ ತರಬಹುದಾ" ಅಂತ ಎಲ್ಲರೂ ಕೇಳುತ್ತಾರೆ. "ನಿಮ್ಮಲ್ಲಿ ನಾಯಿ ಉಂಟಾ, ಅದಕ್ಕೆ ರೇಬೀಸ್ ಲಸಿಕೆ ಆಗಿದೆಯಾ" ಅಂತಲೂ ಕೇಳಿ. ತೆಂಗಿನ ಮರದ ಬುಡದಲ್ಲಿ ಮಾತ್ರ ಟೆಂಟ್ ಬೇಡ ಮಾರಾಯ್ರೇ. ಕಾಯಿ ಬೀಳುವುದಕ್ಕೆ ಹೊತ್ತು ಗೊತ್ತು ಇಲ್ಲ.

ಇನ್ನು ಪಗ್. ಅದನ್ನು ಮನೆಯಲ್ಲೇ ಬಿಡಿ ಅನ್ನುವುದು ನನ್ನ ಅಭಿಪ್ರಾಯ. ಕಡಲ ಬದಿ ಅಂದರೆ ಎಲ್ಲರೂ ಅಲೆಗೆ ಹೆದರುತ್ತಾರೆ. ನನಗೆ ಭಯ ಸೆಕೆಯದ್ದು. ನಾಯಿ ನಮ್ಮ ಹಾಗೆ ಮೈಯೆಲ್ಲಾ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಡುವಾಗ ಬಾಯಿಯ ತೇವ ಆವಿಯಾಗಿ ಅದರ ಮೈ ತಣಿಯಬೇಕು. ನಮ್ಮ ಊರಿನ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ, ಇನ್ನು ಆವಿಯಾಗುವುದು ಹೇಗೆ? ಡಿಸೆಂಬರಿನಲ್ಲೂ ಮಂಗಳೂರಿನ ಮಧ್ಯಾಹ್ನ 32–33 ಡಿಗ್ರಿಗೆ ಹೋಗುತ್ತದೆ. ಪಗ್‌ನಂಥ ಚಪ್ಪಟೆ ಮೂಗಿನ ನಾಯಿಗೆ ಉಸಿರಾಟವೇ ಕಷ್ಟ. ಬಿಸಿಲಿಗೆ ನಿಂತ ಟೆಂಟಿನ ಒಳಗಂತೂ ಕೇಳುವುದೇ ಬೇಡ.

ಲ್ಯಾಬ್‌ಗೂ ಇದು ಅನ್ವಯ. ಬೆಳಿಗ್ಗೆ ಒಂಬತ್ತರ ಒಳಗೆ, ಸಂಜೆ ಐದರ ಮೇಲೆ ಮಾತ್ರ ಮರಳಿಗೆ ಇಳಿಸಿ. ಅಂಗೈಯ ಹಿಂಬದಿಯನ್ನು ಮರಳಿನ ಮೇಲೆ ಐದಾರು ಸೆಕೆಂಡ್ ಇಟ್ಟು ನೋಡಿ. ನಿಮಗೆ ತಡೆಯಲು ಆಗದಿದ್ದರೆ ಅದರ ಪಾದಕ್ಕೂ ಆಗುವುದಿಲ್ಲ. ಏದುಸಿರು ನಿಲ್ಲುತ್ತಿಲ್ಲ, ಒಸಡು ಕಡುಕೆಂಪಾಗಿದೆ, ಜೊಲ್ಲು ಅಂಟಂಟಾಗಿದೆ, ನಡಿಗೆ ತೂರಾಡುತ್ತಿದೆ ಅಂದರೆ ತಡ ಮಾಡಬೇಡಿ. ನಾಯಿಯ ಮೈಬಿಸಿ ಸಾಮಾನ್ಯವಾಗಿ 38.3ರಿಂದ 39.2 ಡಿಗ್ರಿ. 40 ದಾಟಿದರೆ ಅಪಾಯ. ನೆರಳಿಗೆ ತಂದು ಬಾವಿ ನೀರು ಸುರಿಯುತ್ತಾ ಇರಿ, ಗಾಳಿ ಹಾಕಿ. ಒದ್ದೆ ಟವೆಲ್ ಸುತ್ತಿ ಬಿಡಬೇಡಿ, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಮೊದಲು ತಣಿಸಿ, ಆಮೇಲೆ ಕಾರು ಹತ್ತಿಸಿ.

ಪ್ರಶ್ನೆ (ಅವರೇ): ಸರಿ, ಪಗ್ ತಂಗಿ ಮನೆಗೆ. ಲ್ಯಾಬ್ ಕಡಲು ಕಂಡರೆ ನಿಲ್ಲುವುದಿಲ್ಲ. ಚೆಂಡು ಎಸೆದರೆ ಗಂಟೆಗಟ್ಟಲೆ ಈಜುತ್ತದೆ.

ಉತ್ತರ: ಪ್ರತಿ ಸಲ ಚೆಂಡು ಕಚ್ಚುವಾಗ ಒಂದು ಬಾಯಿ ಉಪ್ಪುನೀರೂ ಹೊಟ್ಟೆಗೆ ಹೋಗುತ್ತದೆ. ಸ್ವಲ್ಪವಾದರೆ ಭೇದಿ. ಜಾಸ್ತಿಯಾದರೆ ವಾಂತಿ, ತೂರಾಟ, ಕೊನೆಗೆ ಫಿಟ್ಸ್ ಕೂಡ. ಕಾಲು ಗಂಟೆಗೊಮ್ಮೆ ದಡಕ್ಕೆ ಕರೆದು ಸಿಹಿನೀರು ಕುಡಿಸಿ. ಉದ್ದ ಹಗ್ಗ ಕಟ್ಟಿ, ಅದನ್ನು ಕೈಯಿಂದ ಬಿಡಲೇಬೇಡಿ. ನೀರು ಒಳಕ್ಕೆ ಎಳೆಯುವಾಗ ಈಜು ಬಲ್ಲ ನಾಯಿಯೂ ಸೋಲುತ್ತದೆ, ಅದನ್ನು ಹಿಡಿಯಲು ಹೋದ ಯಜಮಾನನೂ ಸೋಲುತ್ತಾನೆ. ಮೀನುಗಾರರು ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆಯುತ್ತಿದ್ದರೆ ಆ ಕಡೆ ಹೋಗಬೇಡಿ. ಬಲೆಯಿಂದ ಬಿಸಾಡಿದ ಮೀನು ಅಲ್ಲೇ ಬಿದ್ದಿರುತ್ತದೆ. ಅದರಲ್ಲಿ ಚೆಂಡಿನ ಹಾಗೆ ಉಬ್ಬುವ ಮೀನು ಇದ್ದರೆ ಒಣಗಿದ್ದೂ ವಿಷವೇ. ಗಾಳ ನುಂಗಿದರೆ, ಬಾಯಿಂದ ದಾರ ನೇತಾಡುತ್ತಿದ್ದರೂ ಎಳೆಯಬೇಡಿ, ಹಾಗೇ ಕರೆತನ್ನಿ.

ಪ್ರಶ್ನೆ (ಸಂತೆಕಟ್ಟೆ, ಉಡುಪಿ): ಹೋಗುವ ಮೊದಲು ಏನಾದರೂ ಇಂಜೆಕ್ಷನ್ ಬೇಕಾ?

ಉತ್ತರ: ರೇಬೀಸ್ ಗೊತ್ತೇ ಇದೆ. ಇಲಿಜ್ವರದ ಲಸಿಕೆಯನ್ನು ಮಾತ್ರ ಜನ ಮರೆಯುತ್ತಾರೆ. ಉಡುಪಿ, ದಕ್ಷಿಣ ಕನ್ನಡದಲ್ಲಿ ಅದು ನಾಯಿಗೂ ಬರುತ್ತದೆ, ಮನುಷ್ಯರಿಗೂ ಬರುತ್ತದೆ. ವರ್ಷಕ್ಕೊಮ್ಮೆ ಹಾಕಿಸಬೇಕು. ತೋಟದ ನಿಂತ ನೀರಿನಲ್ಲಿ ಮಕ್ಕಳನ್ನೂ ಬರಿಗಾಲಲ್ಲಿ ಬಿಡಬೇಡಿ. ಉಣ್ಣಿಯ ಮಾತ್ರೆ ಹೊರಡುವ ಕೆಲವು ದಿನ ಮೊದಲೇ ಕೊಡಿ. ವಾಪಸ್ ಬಂದು ಎರಡು ಮೂರು ವಾರದೊಳಗೆ ಊಟ ಬಿಟ್ಟರೆ, ಜ್ವರ ಬಂದರೆ, ಮೂಗಲ್ಲಿ ರಕ್ತ ಕಂಡರೆ ಉಣ್ಣಿ ಜ್ವರ ಇರಬಹುದು. ರಕ್ತ ಪರೀಕ್ಷೆ ಮಾಡಿಸಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಸುಮ್ನೆ ಕೊಡಬೇಡಿ.

ಪ್ರಶ್ನೆ (ಸುರತ್ಕಲ್): ಸಸಿಹಿತ್ಲಿನಲ್ಲಿ ಆಮೆ ಮೊಟ್ಟೆ ಇಡುತ್ತದಂತೆ, ಹೌದಾ? ರಾತ್ರಿ ನಾಯಿಯನ್ನು ಬಿಚ್ಚಿಬಿಟ್ಟರೆ ತೊಂದರೆಯಾ?

ಉತ್ತರ: ಹೌದು, 2024ರ ಆರಂಭದಲ್ಲಿ ಅಲ್ಲಿ ಆಲಿವ್ ರಿಡ್ಲಿ ಆಮೆಯ ಗೂಡು ಸಿಕ್ಕಿತ್ತು. ಚಳಿಗಾಲವೇ ಅದು ಮೊಟ್ಟೆ ಇಡುವ ಕಾಲ, ನಾವು ಟೆಂಟ್ ಹಾಕುವ ಕಾಲವೂ ಅದೇ. ಮರಿ ಹೊರಬರಲು 45ರಿಂದ 60 ದಿನ ಬೇಕು. ನಾಯಿಗೆ ಆ ವಾಸನೆ ಸಿಕ್ಕಿದರೆ ಐದು ನಿಮಿಷದಲ್ಲಿ ಅಗೆದು ಹಾಕುತ್ತದೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಈ ಆಮೆಗೆ ಹುಲಿಯಷ್ಟೇ ರಕ್ಷಣೆ ಉಂಟು. ರಾತ್ರಿ ನಾಯಿಯನ್ನು ಕಟ್ಟಿಯೇ ಇಡಿ. ತೀರಕ್ಕೆ ಜೋರು ಟಾರ್ಚ್ ಬಿಡಬೇಡಿ, ಮರಿಗಳು ಬೆಳಕು ಕಂಡ ಕಡೆ ದಾರಿ ತಪ್ಪುತ್ತವೆ.

ಪ್ರಶ್ನೆ (ಬೋಳಾರ): ಬೆಕ್ಕು ತರಬಹುದಾ?

ಉತ್ತರ: ಬೇಡ. ಬೆಕ್ಕಿಗೆ ರಜೆ ಬೇಕಾಗಿಲ್ಲ.

ಪ್ರಶ್ನೆ (ಕೊಟ್ಟಾರದವರು ಮತ್ತೆ): ಕೊನೆಯದ್ದು. ರಾತ್ರಿ ಅತ್ತೆಯ ಕೋರಿ ಸುಕ್ಕ (ಕೋಳಿ ಸುಕ್ಕ) ಉಂಟು. ಲ್ಯಾಬ್‌ಗೆ ಸ್ವಲ್ಪ ಕೊಡಬಹುದಲ್ಲ?

ಉತ್ತರ: ಸುಕ್ಕದ ಮಸಾಲೆಯಲ್ಲಿ ನೀರುಳ್ಳಿ, ಬೆಳ್ಳುಳ್ಳಿ ಎರಡೂ ಇವೆ. ಬೇಯಿಸಿದರೂ ಅವು ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ಬೆಂದ ಕೋಳಿ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ. ಮಸಾಲೆ ಹಾಕುವ ಮೊದಲೇ ನಾಲ್ಕು ತುಂಡು ಬದಿಗಿಟ್ಟು, ಬರೀ ನೀರಲ್ಲಿ ಬೇಯಿಸಿ, ಮೂಳೆ ತೆಗೆದು ಕುಚ್ಚಲಕ್ಕಿ ಅನ್ನದ ಜೊತೆ ಕೊಡಿ. ಅತ್ತೆಗೆ ಈಗಲೇ ಹೇಳಿಡಿ.